ಗಾಲಿ ಮುಟ್ಟಿ ನೋಡುವವನು

ಅಂಜುಬುರುಕ ಎಂಬ ಹೆಸರು ನನಗೆ ಅಂಟಿದ್ದು ಕೆಲಸಕ್ಕೆ ಸೇರಿದ ಹೊಸತರಲ್ಲೇ. ಇಂಡಿ, ಸಿಂದಗಿ, ಮುದ್ದೇಬಿಹಾಳ ಸುತ್ತಿ ಕಡೆಗೆ ಬಸವನ ಬಾಗೇವಾಡಿಯಲ್ಲಿ ನಿವೃತ್ತನಾಗುವವರೆಗೂ ಆ ಹೆಸರು ನನ್ನ ಜೊತೆಗೇ ವರ್ಗವಾಗುತ್ತಾ ಬಂತು. ಸರ್ಕಾರಿ ಬಸ್ಸುಗಳ ಡಿಪೋದಲ್ಲಿ ನಾನು ಮೆಕ್ಯಾನಿಕ್, ಅದರಲ್ಲೂ ಬ್ರೇಕಿನ ಕೆಲಸದವನು. ಎಂಜಿನ್ ಬಿಚ್ಚುವವರಿಗೆ ಇರುವ ಗತ್ತು ನಮಗೆ ಇರಲಿಲ್ಲ. ಎಂಜಿನ್ ಕೆಟ್ಟರೆ ಬಸ್ಸು ರಸ್ತೆಯಲ್ಲಿ ನಿಲ್ಲುತ್ತದೆ, ಜನ ಇಳಿದು ನಾಲ್ಕು ಮಾತು ಬೈದು ಬೇರೆ ಬಸ್ಸು ಹತ್ತುತ್ತಾರೆ. ಬ್ರೇಕು ಕೆಟ್ಟರೆ ಬೈಯುವುದಕ್ಕೂ ಯಾರೂ ಉಳಿಯಲಿಕ್ಕಿಲ್ಲ. ಇದು ತಲೆಯಲ್ಲಿ ಹೊಕ್ಕ ಮೇಲೆ ಮನುಷ್ಯ ಅಂಜದೆ ಹೇಗಿರುತ್ತಾನೆ, ನೀವೇ ಹೇಳಿ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಏನಾದರೂ ಬರೆದಿಡು ಎಂದು ಗೆಳೆಯರು ಬೆನ್ನು ಹತ್ತಿದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರ ಎಲ್ಲರಿಗೂ ಒಂದೇ ನಮೂನೆ, ಅದನ್ನು ಬಿಡೋಣ. ಯಾವುದು ಯಾವ ಡಿಪೋದಲ್ಲಿ ನಡೆಯಿತು ಎಂದೂ ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಮದುವೆ ಮನೆಯಲ್ಲಿ ಸಿಕ್ಕಾಗ ನನ್ನ ಕಾಲರ್ ಹಿಡಿಯುತ್ತಾರೆ. ಅಲ್ಲದೆ ನಾನು ಹೇಳಬೇಕಾದ ಮುಖ್ಯ ಮಾತು ಡಿಪೋದ್ದೂ ಅಲ್ಲ. ನಿವೃತ್ತಿಯಾದ ಮೇಲೆ ನನ್ನ ಮನೆಯ ಅಂಗಳದಲ್ಲಿ ಕಟ್ಟಿ ನಿಲ್ಲಿಸಿದ ಒಂದು ಹಳೆಯ ಪಿಕಪ್ಪಿನದು. ಇಡೀ ನೌಕರಿಯಲ್ಲಿ ಪಟ್ಟ ಭಯವೆಲ್ಲ ಒಂದು ತೂಕವಾದರೆ ಆ ಒಂದು ಗಾಡಿ ಕೊಟ್ಟ ಭಯವೇ ಒಂದು ತೂಕ.

ಮೊದಲು ನನ್ನ ಗುರುವಿನ ಮಾತು. ಕಲ್ಲಪ್ಪ ಅಂತ ಹೆಡ್ ಮೆಕ್ಯಾನಿಕ್. ಬಾಯಿ ತುಂಬ ಎಲೆ ಅಡಿಕೆ, ಮೂಗಿನ ಮೇಲೆ ಸಿಟ್ಟು. ಬಸ್ಸು ಟ್ರಿಪ್ ಮುಗಿಸಿ ಒಳಗೆ ಬಂದ ಕೂಡಲೇ ಅವರು ಎಲ್ಲರಿಗಿಂತ ಮುಂಚೆ ಹೋಗಿ ಒಂದೊಂದು ಗಾಲಿಯ ಹತ್ತಿರ ಕೂತು ನಡುವಿನ ಲೋಹಕ್ಕೆ ಕೈ ಹಚ್ಚಿ ನೋಡುತ್ತಿದ್ದರು. ಯಾವ ಗಾಲಿ ಉಳಿದವಕ್ಕಿಂತ ಹೆಚ್ಚು ಬಿಸಿಯೋ ಅದರ ಬ್ರೇಕು ಹಿಡಿದುಕೊಂಡಿದೆ ಎಂದು ಅರ್ಥ. ಯಾವುದು ತೀರ ತಣ್ಣಗೋ ಅದು ಕೆಲಸವನ್ನೇ ಮಾಡುತ್ತಿಲ್ಲ. ನಾನು ಮೊದಲ ದಿನ ಅಂಗೈ ಇಟ್ಟು ಚುರ್ರೆನಿಸಿಕೊಂಡೆ.

"ಏ ಶಾಣ್ಯಾ, ಅಂಗೈ ಸುಟ್ಟರ ನಾಳೆ ಬೋಲ್ಟ ಬಿಚ್ಚೋ ಪಾನಾ ಹ್ಯಾಂಗ ಹಿಡೀತಿ? ಕೈ ಹೊಳ್ಳಿಸಿ ಹಿಂಬದಿ ಹಚ್ಚು" ಅಂದರು. ಅಂದಿನಿಂದ ಇಂದಿನವರೆಗೆ ನನ್ನ ಬಲಗೈಯ ಹಿಂಬದಿಯಲ್ಲಿ ಕೂದಲು ಸರಿಯಾಗಿ ಬೆಳೆದಿಲ್ಲ.

ಒಂದು ಸಲ ಮದುವೆಯ ದಿನಗಳು, ಬಸ್ಸುಗಳು ತುಂಬಿ ತುಳುಕುತ್ತಿದ್ದವು. ಒಂದು ಬಸ್ಸಿನ ಬ್ರೇಕಿನ ಸದ್ದು ನನಗೆ ಯಾಕೋ ಸರಿ ಕೇಳಲಿಲ್ಲ. ಬಿಡುವುದಿಲ್ಲ ಎಂದು ಹಟ ಹಿಡಿದೆ. ಡಿಪೋ ಮ್ಯಾನೇಜರ್ ಕೆಂಡವಾದರು. "ರೀ ದಸ್ತಗೀರ, ಹೊರಗ ಜನಾ ನನ್ನ ಹರಕೊಂಡು ತಿನ್ನಾಕತ್ತಾರ. ಬ್ರೇಕ್ ಸರಿ ಇಲ್ಲಂತ ಬರದು ಕೊಡ್ತೀರೇನು?" ಅಂದರು. ಕೊಡುತ್ತೇನೆ ಅಂದೆ. ಬಿಚ್ಚಿ ನೋಡಿದರೆ ಏನೂ ಆಗಿರಲಿಲ್ಲ. ಬ್ರೇಕು ಮುತ್ತಿನಂಥದ್ದು. ಸದ್ದು ಬರುತ್ತಿದ್ದದ್ದು ಒಂದು ಸಡಿಲ ತಗಡಿನಿಂದ. ಟ್ರಿಪ್ ತಪ್ಪಿತು, ಡಿಪೋ ತುಂಬ ನಗೆ. ವಾರಗಟ್ಟಲೆ ನಾನು ಎದುರು ಬಂದರೆ ಸಾಕು, ಕಂಡಕ್ಟರುಗಳು ಸೀಟಿ ಊದಿ "ತಗಡ ಬಂತು, ತಗಡ ಬಂತು" ಅನ್ನುತ್ತಿದ್ದರು. ಅಳು ಬರುವಷ್ಟು ಅವಮಾನವಾಗಿತ್ತು. ಕಲ್ಲಪ್ಪ ಮಾತ್ರ ನಗಲಿಲ್ಲ. "ಅಂಜಿಕಿ ಸುಳ್ಳಾತು ಅಂದ್ರ ಖುಷಿ ಪಡಬೇಕಲೇ ಮಗನ. ಖರೆ ಆಗಿದ್ರ?" ಅಂದು ಎಲೆ ಉಗುಳಿ ಹೋದರು.

ಇನ್ನೊಂದು, ನಮ್ಮ ಡಿಪೋದ ಜೀಪಿನದು. ಬಸ್ಸುಗಳಿಗೆ ಗಾಳಿಯ ಬ್ರೇಕು ಬಂದು ಬಹಳ ಕಾಲವಾಗಿತ್ತು. ಅವುಗಳಲ್ಲಿ ಗಾಳಿಯ ಟ್ಯಾಂಕಿನೊಳಗಿನ ನೀರು ದಿನಾ ಬಿಡುವುದೇ ದೊಡ್ಡ ಕೆಲಸ. ಜೀಪಿನದು ಹಾಗಲ್ಲ, ಪೆಡಲ್ ತುಳಿದರೆ ಕೊಳವೆಯೊಳಗಿನ ಬ್ರೇಕ್ ಆಯಿಲ್ ಒತ್ತಿಕೊಂಡು ಹೋಗಿ ಗಾಲಿ ಹಿಡಿಯಬೇಕು. ಅದು ಕಡಿಮೆಯಾಗಿದ್ದಕ್ಕೆ ಹೊಸ ಡ್ರೈವರ್ ಒಬ್ಬ ಎಂಜಿನ್ನಿಗೆ ಹಾಕುವ ಎಣ್ಣೆಯನ್ನೇ ಅದಕ್ಕೂ ಸುರಿದಿದ್ದ. ಬ್ರೇಕಿನ ಒಳಗೆ ರಬ್ಬರಿನ ಸಣ್ಣ ಬಟ್ಟಲುಗಳಿರುತ್ತವೆ. ಬೇರೆ ಎಣ್ಣೆ ತಾಗಿದರೆ ಅವು ನೆನೆಹಾಕಿದ ಕಡಲೆಯಂತೆ ಉಬ್ಬುತ್ತವೆ. ಉಬ್ಬಿದ ರಬ್ಬರು ಒತ್ತಿದ ಆಯಿಲ್ ಹಿಂದಕ್ಕೆ ಬರಲು ಬಿಡುವುದಿಲ್ಲ. ಹಾಗಾಗಿ ಮೊದಲು ಬ್ರೇಕು ಕೇಳದೆಯೇ ಹಿಡಿಯುತ್ತದೆ, ಗಾಡಿ ಎಳೆಯಲಾರದೆ ಒದ್ದಾಡುತ್ತದೆ, ಗಾಲಿ ಕಾಯುತ್ತವೆ. ಆಮೇಲೆ ಕೇಳಿದಾಗ ಹಿಡಿಯುವುದಿಲ್ಲ. ಆ ಜೀಪು ಡಿಪೋದ ಗೋಡೆಗೇ ಗುದ್ದಿ ನಿಂತಿತು, ದೇವರು ದೊಡ್ಡವನು. ಉಬ್ಬಿದ ಆ ರಬ್ಬರನ್ನು ಕಲ್ಲಪ್ಪ ನನ್ನ ಕೈಯಲ್ಲಿಟ್ಟು ಮೂಸಿ ನೋಡಲು ಹೇಳಿದ್ದರು. ಯಾಕೆ ಮೂಸಬೇಕು ಅಂತ ಆಗ ತಿಳಿಯಲಿಲ್ಲ.

ಈಗ ಪಿಕಪ್ಪಿಗೆ ಬರುತ್ತೇನೆ.

ಬಾಗೇವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಶಾಂತವ್ವನ ಮನೆ. ನನಗಿಂತ ಹಿರಿಯಳು, ನಾನು ಯಕ್ಕಾ ಅನ್ನುತ್ತೇನೆ. ಆಕೆಯ ಗಂಡ ಗುರಪ್ಪ ತೀರಿಕೊಂಡು ವರ್ಷಗಳಾಗಿವೆ. ಗುರಪ್ಪನ ಹಳೆಯ ಜೀಪಿನ ಮುಖದ ಪಿಕಪ್ಪು ಆತ ಹೋದಾಗಿನಿಂದ ದನದ ಕೊಟ್ಟಿಗೆಯ ಪಕ್ಕದ ಬೇವಿನ ಗಿಡದ ಕೆಳಗೆ ನಿಂತಿತ್ತು. ಕೋಳಿ ಅದರೊಳಗೆ ಮೊಟ್ಟೆ ಇಡುತ್ತಿದ್ದವು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಹೋಗುವಾಗ ಉಳಿದವರೆಲ್ಲ ಬಂಡಿ ಕಟ್ಟಿದರೆ ಗುರಪ್ಪ ಮನೆಮಂದಿಯನ್ನೆಲ್ಲ ಆ ಪಿಕಪ್ಪಿನಲ್ಲಿ ತುಂಬಿಕೊಂಡು ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದ. ಶಾಂತವ್ವನಿಗೆ ಮತ್ತೆ ಅದರಲ್ಲೇ ಹೋಗಬೇಕೆಂಬ ಹಂಬಲ.

"ದಸ್ತಗೀರ, ಮುಂದಿನ ಎಳ್ಳ ಅಮಾಸಿಗಿ ನಾ ಅದರಾಗಽ ಹೊಲಕ್ಕ ಹೋಗಾಕಿ. ನೀ ಎಬ್ಬಿಸಿ ನಿಂದರಸಿ ಕೊಡು" ಅಂದಳು.

"ಯಕ್ಕಾ, ಎಬ್ಬಿಸೋದು ದೊಡ್ಡದಲ್ಲ. ನಿಂದರಸೋದು ಹ್ಯಾಂಗ? ಅದರ ಬ್ರೇಕ್ ಯಾವತ್ತೋ ಸತ್ತಾವ" ಅಂದೆ.

"ಇಡೀ ಜಿಲ್ಲಾದ ಬಸ್ಸ ನಿಂದರಸೀದಿ, ನನ್ನ ಗಾಡಿ ನಿಂದರಸಾಕ ಅಂಜತೀ ಏನು?"

ಅಂಜುತ್ತೇನೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆಕೆಯ ಮಗ ಬಸಣ್ಣ ಮಾರನೆಯ ದಿನವೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿ ಎಳೆದುತಂದು ನನ್ನ ಅಂಗಳದಲ್ಲಿ ಬಿಟ್ಟ. ನನ್ನ ಹೆಂಡತಿ ಹುಸೇನಬಿ ಒಣಹಾಕಿದ ಮೆಣಸಿನಕಾಯಿ ಎತ್ತಿಕೊಳ್ಳುತ್ತಾ, "ರಿಟೈರ್ ಆದ್ರಲ್ಲ, ನಿದ್ದಿ ಬರಾಕತ್ತಿತ್ತು. ಈಗ ಇದನ್ನ ತಂದು ನಿಂದರಿಸಿಕೊಂಡ್ರಿ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ.

ಮನೆಯಲ್ಲಿ ಗಾಡಿ ಮಾಡುವುದಕ್ಕೂ ಡಿಪೋದಲ್ಲಿ ಮಾಡುವುದಕ್ಕೂ ಇರುವ ಫರಕು ಕೇಳಿ. ಡಿಪೋದಲ್ಲಿ ನಾನು ಬಿಗಿ ಮಾಡಿದ ಬೋಲ್ಟನ್ನು ಇನ್ನೊಬ್ಬ ನೋಡುತ್ತಿದ್ದ, ಅವನ ಮೇಲೆ ಮತ್ತೊಬ್ಬ ನೋಡುತ್ತಿದ್ದ. ತಪ್ಪು ನುಸುಳಬೇಕಾದರೆ ಎಲ್ಲರ ಕಣ್ಣು ದಾಟಬೇಕಿತ್ತು. ಅಂಗಳದಲ್ಲಿ ನಾನೊಬ್ಬನೇ. ಬಿಗಿ ಮಾಡಿದವನೂ ನಾನು, ಸರಿ ಎನ್ನುವವನೂ ನಾನು. ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುವ ಮುಂಚೆ ಆ ಎಡಗಡೆಯ ಬೋಲ್ಟು ಬಿಗಿ ಮಾಡಿದೆನೇ ಇಲ್ಲವೇ ಎಂಬ ಯೋಚನೆ. ಎದ್ದು ಹೋಗಿ ನೋಡಿ ಬರುತ್ತಿದ್ದೆ, ಬಿಗಿಯೇ ಇರುತ್ತಿತ್ತು. ಹುಸೇನಬಿ ರೊಟ್ಟಿಯ ಮೇಲೆ ತಟ್ಟೆ ಮುಚ್ಚಿ ಕಾಯುತ್ತಿದ್ದಳು.

ಎಂಜಿನ್ ಬೇರೆ ಹಾಕಿಸಿದೆವು. ವೈರಿಂಗ್ ಪೂರ್ತಿ ಹೊಸದು, ಸ್ಟೇರಿಂಗ್ ಒಂದು ಬೆರಳಲ್ಲಿ ತಿರುಗುವಂಥದ್ದು. ಬಸಣ್ಣನಿಗೆ ದೊಡ್ಡ ಸದ್ದಿನ ಟೇಪು ಬೇಕಿತ್ತು, ಅದೂ ಬಂತು. ಶಾಂತವ್ವನದು ಒಂದೇ ಶರತ್ತು, ಬಣ್ಣ ಗುರಪ್ಪ ಹೊಡೆಸಿದ್ದ ಗಿಳಿ ಹಸಿರೇ ಇರಬೇಕು, ಹಿಂದಿನ ಬಾಗಿಲ ಹಲಗೆ ಬದಲಿಸಬಾರದು. ಬ್ರೇಕಿನಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಹಳೆಯದನ್ನೆಲ್ಲ ಕಿತ್ತೆಸೆದು ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕಿದೆ. ಒಂದು ದಾರಿ ಕೈಕೊಟ್ಟರೆ ಇನ್ನೊಂದು ಹಿಡಿಯಲಿ ಎಂದು ಆಯಿಲ್ ಒತ್ತುವ ಎರಡು ದಾರಿಯ ಹೊಸ ಸಿಲಿಂಡರ್ ಕೂರಿಸಿದೆ. ಹಳೆಯ ಗಾಡಿಯಲ್ಲಿ ಬ್ರೇಕ್ ಆಯಿಲಿನ ಡಬ್ಬಿ ಕಾಲಡಿಯ ತಗಡಿನ ಕೆಳಗೆ ಅಡಗಿತ್ತು, ಅದು ಎಲ್ಲಿದೆ ಎಂದು ಗುರಪ್ಪನಿಗೂ ಗೊತ್ತಿರಲಿಕ್ಕಿಲ್ಲ. ಹೊಸದರಲ್ಲಿ ಅದು ಬಾನೆಟ್ ಎತ್ತಿದರೆ ಎದುರಿಗೇ ಕಾಣುವ ಬಿಳಿ ಪ್ಲಾಸ್ಟಿಕ್ ಬಾಟಲಿ. ನೋಡುವುದಕ್ಕೆ ಅನುಕೂಲ ಎಂದು ನಾನೇ ಬಸಣ್ಣನಿಗೆ ಹೊಗಳಿ ತೋರಿಸಿದ್ದೆ.

ಖಾಲಿ ಗಾಡಿ ಓಡಿಸಿ ನೋಡಿದೆ. ಕಲ್ಲಿನ ಚೀಲ ಹೇರಿ ಓಡಿಸಿದೆ. ಮುದ್ದೇಬಿಹಾಳದ ದಾರಿಯಲ್ಲಿ ಹೋಗಿ ಬಂದು ಪ್ರತಿ ಸಲ ಗಾಲಿ ಮುಟ್ಟಿ ನೋಡಿದೆ. ಎಲ್ಲ ಒಂದೇ ಸಮ, ಹದವಾಗಿ ಬೆಚ್ಚಗೆ. ಆಗ ಕೀಲಿ ಕೊಟ್ಟೆ. ಸರಕಿನ ಗಾಡಿಯಲ್ಲಿ ಜನ ಕೂರಿಸಬಾರದು ಎಂದೂ ಹೇಳಿದೆ. ಎಳ್ಳ ಅಮಾವಾಸ್ಯೆಯ ಆ ಒಂದು ದಿನ ನಮ್ಮ ಕಡೆ ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ನಿಮಗೂ ಗೊತ್ತು. ಗಾಡಿ ಮನೆಗೆ ಹೋದ ಮೇಲೆ ಶಾಂತವ್ವ ಅದಕ್ಕೆ ಪೂಜೆ ಮಾಡಿದಳೆಂದೂ ಬಾನೆಟ್ ಎತ್ತಿಸಿ ಎಂಜಿನ್ನಿಗೆಲ್ಲ ಅರಿಶಿನ ಕುಂಕುಮ ಹಚ್ಚಿದಳೆಂದೂ ಕೇಳಿದೆ. ಇರಲಿ, ಒಳ್ಳೆಯದೇ ಅಂದುಕೊಂಡೆ.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಮ್ಮಿಬ್ಬರಿಗೂ ಕರೆ ಬಂತು. ಹಿಂದೆ ಸೊಸೆಯಂದಿರು, ಹೆಣ್ಣುಮಕ್ಕಳು, ಮೊಮ್ಮಕ್ಕಳು, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆಯ ಬುಟ್ಟಿಗಳು. ಹುಸೇನಬಿ ಅವರ ನಡುವೆ ಒಂದು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮುಂದೆ ಬಸಣ್ಣ ಸ್ಟೇರಿಂಗಿಗೆ, ನಡುವೆ ಹೊಸ ಇಳಕಲ್ ಸೀರೆಯ ಶಾಂತವ್ವ, ಬಾಗಿಲಿಗೆ ನಾನು. ಊರು ದಾಟುವವರೆಗೆ ಶಾಂತವ್ವ ಕಂಡಕಂಡವರಿಗೆಲ್ಲ ಕೈ ಬೀಸಿದಳು. ಅವಳ ಖುಷಿ ನೋಡಿ ನನ್ನ ಎದೆಯೂ ಸ್ವಲ್ಪ ಹಗುರಾಯಿತು.

ಹೊಲದ ದಾರಿಗೆ ತಿರುಗಿದ ಮೇಲೆ ಬಸಣ್ಣ ಹುಬ್ಬು ಗಂಟಿಕ್ಕಿದ. "ಕಾಕಾ, ಎಂಜಿನ್ ಎಳೀವಲ್ದು. ನಿನ್ನಿಯಿಂದಽ ಹಿಂಗ ಮಾಡಾಕತ್ತೈತಿ."

"ನಿನ್ನಿಯಿಂದ? ನನಗ ಹೇಳಬಾರದೇನೋ?"

"ಹೊಸಾ ಎಂಜಿನ್, ಹಂಗಽ ಇರ್ತೈತಿ ಅಂದ್ಕೊಂಡೆ."

"ಕಾಲು ತಗಿ" ಅಂದೆ. ಆತ ಆಕ್ಸಿಲರೇಟರಿನಿಂದ ಕಾಲು ತೆಗೆದ. ಸಪಾಟು ದಾರಿಯಲ್ಲಿ ಗಾಡಿ ಉರುಳುತ್ತಾ ಹೋಗಬೇಕಿತ್ತು. ಯಾರೋ ಹಿಂದಿನಿಂದ ಹಿಡಿದಂತೆ ನಿಂತುಬಿಟ್ಟಿತು. ನನಗೆ ಡಿಪೋದ ಆ ಜೀಪು ನೆನಪಾಯಿತು.

ಅಲ್ಲಿಂದ ಮುಂದೆ ಸ್ವಲ್ಪ ದೂರದಲ್ಲೇ ದಾರಿ ಹಳ್ಳಕ್ಕೆ ಇಳಿಯುತ್ತದೆ. ಕಡಿದಾದ ಇಳುಕಲು, ಕೆಳಗೆ ಸೊಂಟದೆತ್ತರವೂ ಗೋಡೆ ಇಲ್ಲದ ಸಣ್ಣ ಸೇತುವೆ, ಅದರ ಎರಡೂ ಕಡೆ ಬಂಡೆಗಲ್ಲು. ಹಳ್ಳದ ಆಚೆ ಅವರ ಹೊಲ. ಇಳುಕಲಿನ ತಲೆಯಲ್ಲೇ ಗಾಡಿ ನಿಲ್ಲಿಸು ಅಂದೆ. ನಿಲ್ಲಿಸಿದ. ನಾನು ಕೈ ಚಾಚಿ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

"ಎಲ್ಲಾರೂ ಇಳೀರಿ" ಅಂದೆ.

ಶಾಂತವ್ವನ ಮುಖ ಕೆಂಪಾಯಿತು. "ಏನಾಗೇತಿ ನಿನಗ? ಹಬ್ಬದ ದಿನ ಎಡಿ ತಗೊಂಡು ಹೊಂಟೇವಿ. ನನ್ನ ಗಂಡ ಕಣ್ಣ ಮುಚ್ಚಿ ಇಳಸತಿದ್ದ ಈ ಹಳ್ಳಾ. ಬಸಣ್ಣಾ, ಕೀಲಿ ಇಸಕೋ."

ಬಸಣ್ಣ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ಹಿಂದಿನಿಂದ ಯಾರೋ ನಕ್ಕರು. ನನಗೆ ಆ ಕ್ಷಣಕ್ಕೆ ಹಳೆಯ ಕಂಡಕ್ಟರುಗಳ ಸೀಟಿ ಕೇಳಿದಂತಾಯಿತು. ಈಗಲೂ ಬರೀ ತಗಡಾಗಿದ್ದರೆ? ಹಬ್ಬ ಕೆಡಿಸಿದವನು ನಾನಾಗುತ್ತೇನೆ, ಬಾಗೇವಾಡಿ ತುಂಬ ನಗೆಯಾಗುತ್ತದೆ. ಆದರೂ ಕೀಲಿ ಕೊಡಲಿಲ್ಲ. ಇಳಿದು ಮುಂದಿನ ಗಾಲಿಯ ಹತ್ತಿರ ಕೂತು ಕೈಯ ಹಿಂಬದಿ ಹಚ್ಚಲು ಹೋದೆ.

ಹಚ್ಚುವುದೇನು, ಹತ್ತಿರ ಒಯ್ಯಲಿಕ್ಕೇ ಆಗಲಿಲ್ಲ. ಹಂಚಿನಂತೆ ಕಾದಿತ್ತು. ಆಚೆಯದೂ ಹಾಗೇ, ಹಿಂದಿನ ಎರಡೂ ಹಾಗೇ. ಹುಸೇನಬಿ ನನ್ನ ಮುಖ ಕಂಡವಳೇ ಯಾರ ಮಾತಿಗೂ ಕಾಯದೆ ಕೂಸನ್ನು ಎತ್ತಿಕೊಂಡು ಕೆಳಗೆ ಜಿಗಿದಳು. ಅವಳನ್ನು ನೋಡಿ ಒಬ್ಬೊಬ್ಬರೇ ಇಳಿದರು. ನಾನು ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟೆ, ಆಮೇಲೆ ಬಾನೆಟ್ ಎತ್ತಿದೆ. ಬಿಳಿ ಬಾಟಲಿ ಕಂಠದವರೆಗೆ ತುಂಬಿತ್ತು. ನಾನು ಅಷ್ಟು ತುಂಬಿರಲಿಲ್ಲ. ಮುಚ್ಚಳ ತೆಗೆದು ಬೆರಳದ್ದಿ ಮೂಸಿದೆ. ನಮ್ಮ ಮನೆಯ ಒಗ್ಗರಣೆಯ ವಾಸನೆ. ಗಾಣದ ಕುಸುಬಿ ಎಣ್ಣೆ.

"ಇದರಾಗ ಎಣ್ಣಿ ಯಾರು ಹಾಕಿದ್ರು?" ಅಂದೆ.

ಶಾಂತವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಾನಽ ಹಾಕೀನಿ. ಯಾಕ? ಬಂಡಿಗೆ ಕೀಲೆಣ್ಣಿ ಬಿಡಲಾರದ ಎಳ್ಳ ಅಮಾಸಿಗಿ ಯಾರರ ಹೊಲಕ್ಕ ಹೋಗ್ಯಾರೇನು? ನಮ್ಮತ್ತಿ ಬಿಡತಿದ್ಲು, ನಾ ಬಿಡತೇನಿ. ಪೂಜಿ ಮಾಡೂಮುಂದ ನೋಡಿದೆ, ಆ ಬಾಟ್ಲಿ ಪೂರ್ತಿ ತುಂಬಿದ್ದಿಲ್ಲ. ಮನಿ ಕುಸುಬಿ ಎಣ್ಣಿ, ಛಲೋ ಎಣ್ಣಿ, ತುಂಬಿಸಿದೆ."

ಎಷ್ಟು ಹೆಮ್ಮೆಯಿಂದ ಹೇಳಿದಳು ಎಂದರೆ ನನಗೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಚ್ಚಿಗೆ ಎಣ್ಣೆ ಬಿಡುವುದು ಅವರ ಮನೆಯ ಹಿರಿಯ ಹೆಂಗಸಿನ ಹಕ್ಕು. ಬಂಡಿ ಹೋಗಿ ಗಾಡಿ ಬಂದರೂ ಆ ಹಕ್ಕು ಎಲ್ಲಿಗೆ ಹೋಗಬೇಕು? ಗುರಪ್ಪನ ಕಾಲದಲ್ಲಿ ಹಾಕುವುದಕ್ಕೆ ಡಬ್ಬಿಯೇ ಕಾಣುತ್ತಿರಲಿಲ್ಲ, ಆಕೆ ಬಾಗಿಲ ಸಂದಿಗೋ ಗಾಲಿಯ ಮೇಲೋ ಎರಡು ಹನಿ ಬಿಟ್ಟು ಕೈ ಮುಗಿಯುತ್ತಿದ್ದಳಂತೆ. ಕಾಣುವ ಹಾಗೆ ತಂದು ಇಟ್ಟವನು ನಾನು. ಹುಸೇನಬಿ ನನ್ನ ಪಕ್ಕ ಬಂದು ಮೆಲ್ಲಗೆ, "ಸೊಸೆಂದ್ರ ಮುಂದ ಬ್ಯಾಡ್ರಿ. ಹಬ್ಬ ಐತಿ" ಅಂದಳು. "ಉಂಡ ಮ್ಯಾಲ ಹೇಳ್ತೇನಿ ಯಕ್ಕಾ. ಈಗ ಗಾಡಿ ಇಲ್ಲೇ ಇರ್ಲಿ, ನಡಕೊಂಡು ಹೋಗೂಣು" ಅಂದೆ.

ಬುಟ್ಟಿಗಳು ತಲೆಗೇರಿದವು. ಎಲ್ಲರೂ ಆ ಇಳುಕಲನ್ನು ನಡೆದೇ ಇಳಿದೆವು. ಶಾಂತವ್ವ ಮುನಿಸಿಕೊಂಡು ಎಲ್ಲರಿಗಿಂತ ಮುಂದೆ ಹೋದಳು. ಬನ್ನಿ ಗಿಡದ ಕೆಳಗೆ ಪೂಜೆಯಾಯಿತು, ಜೋಳದ ಹೊಲದ ಸುತ್ತ ಕೂಗುತ್ತಾ ಚರಗ ಚೆಲ್ಲಿದರು, ಊಟವಾಯಿತು. ನಾನು ಹೋಳಿಗೆ ಮುರಿಯುತ್ತಾ ಹೇಳುವುದೋ ಬಿಡುವುದೋ ಎಂದು ಯೋಚಿಸಿದೆ. ಮುಚ್ಚಿಟ್ಟರೆ ಹಬ್ಬ ಸುಖವಾಗಿ ಮುಗಿಯುತ್ತದೆ. ಆದರೆ ಮುಂದಿನ ವರ್ಷ ಆಕೆ ಮತ್ತೆ ಎಣ್ಣೆ ಬಿಡುತ್ತಾಳೆ. ಹಾಗಾಗಿ ಉಳಿದವರು ಕಡಲೆ ಗಿಡ ಕೀಳಲು ಹೋದಾಗ ಆಕೆಯ ಪಕ್ಕ ಕೂತು ಎಲ್ಲ ಹೇಳಿದೆ. ರಬ್ಬರು ಉಬ್ಬುವುದು, ಗಾಲಿ ಕಾಯುವುದು, ಇಳುಕಲಿನಲ್ಲಿ ಪೆಡಲ್ ತುಳಿದಾಗ ಏನೂ ಸಿಗದೆ ಹೋಗಬಹುದಾದದ್ದು.

ಶಾಂತವ್ವ ಹೊಲದಲ್ಲಿ ಓಡಾಡುತ್ತಿದ್ದ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಕೂತಿದ್ದಳು. "ನನ್ನ ಕೈಯಾರ..." ಅಂದಳು. ಸೆರಗು ಬಾಯಿಗೆ ಹೋಯಿತು. ಯಾರಿಗೂ ಹೇಳಬೇಡ ಎಂದು ಕೇಳಿಕೊಳ್ಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ಸೊಸೆಯಂದಿರು ಬಂದ ಮೇಲೆ ತಾನೇ ಎಲ್ಲರನ್ನೂ ಕೂರಿಸಿ, "ಇವತ್ತ ಈ ದಸ್ತಗೀರ ಅಂಜಲಿಲ್ಲಂದ್ರ ನಾ ನಿಮ್ಮನ್ನೆಲ್ಲಾ ಹಳ್ಳಕ್ಕ ಹಾಕತಿದ್ದೆ" ಅಂದಳು. ನಾನು ತಲೆ ತಗ್ಗಿಸಿ ನೆಲ ನೋಡುತ್ತಿದ್ದೆ, ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದೆಂದು.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಮೆಲ್ಲಗೆ ಎಳೆದು ತಂದೆವು. ಬ್ರೇಕಿನ ರಬ್ಬರೆಲ್ಲ ಕಿತ್ತು ಕೊಳವೆಗಳನ್ನು ತೊಳೆದು ಮತ್ತೆ ಹೊಸದಾಗಿ ಕೂರಿಸಿದೆ. ಬಾಟಲಿಯ ಮೇಲೆ ತಗಡಿನ ಮುಚ್ಚಳ ಮಾಡಿ ಬೋಲ್ಟು ಹಾಕಿದೆ. ಆದರೆ ಅಷ್ಟಕ್ಕೇ ಮನಸ್ಸು ಒಪ್ಪಲಿಲ್ಲ. ಹಾಕಬೇಡ ಎಂದು ಹೇಳಿದರೆ ಆ ಎಣ್ಣೆಯ ಬಟ್ಟಲು ಹಿಡಿದ ಕೈ ಎಲ್ಲಿಗೆ ಹೋಗಬೇಕು? ಹಿಂದಿನ ಬಾಗಿಲ ಹಲಗೆ ಗುರಪ್ಪನ ಕಾಲದ್ದೇ ಇತ್ತಲ್ಲ, ಅದರ ತಿರುಗುವ ಎರಡು ಕೀಲುಗಳನ್ನು ಬಿಚ್ಚಿ ತಿಕ್ಕಿ ಮೇಲೆ ಎಣ್ಣೆ ಬಿಡುವ ಸಣ್ಣ ತೂತು ಕೊರೆದೆ. ಶಾಂತವ್ವನನ್ನು ಕರೆದು ತೋರಿಸಿ, "ಯಕ್ಕಾ, ನಿಮ್ಮ ಬಂಡಿ ಕೀಲ ಇಲ್ಲಿ ಅದಾವು. ಎಷ್ಟ ಬೇಕಾದ್ರೂ ಬಿಡ್ರಿ" ಅಂದೆ. ಆಕೆ ತೂತಿನ ಮೇಲೆ ಬೆರಳಾಡಿಸಿದಳು.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಗಾಡಿಯನ್ನು ಹೊಸದು ಮಾಡುವಾಗ ಯಾವ ಕೈ ಅದನ್ನು ಮುಟ್ಟುತ್ತದೆ ಎಂದು ವಿಚಾರಿಸಿ. ಮುಟ್ಟಬಾರದ್ದನ್ನು ಮುಚ್ಚಿ, ಮುಟ್ಟುವುದಕ್ಕೆ ಒಂದು ಜಾಗ ಬಿಡಿ. ಅಂಜುಬುರುಕ ಎಂದರೆ ಅನ್ನಿಸಿಕೊಳ್ಳಿ.

ಮುಂದಿನ ಎಳ್ಳ ಅಮಾವಾಸ್ಯೆಗೆ ಮತ್ತೆ ಕರೆ ಬಂತು. ಹಲಗೆಯ ಕೀಲುಗಳಿಂದ ಕುಸುಬಿ ಎಣ್ಣೆ ಧಾರೆಯಾಗಿ ಸೋರುತ್ತಿತ್ತು. ಗಾಡಿ ಹಗುರಾಗಿ ಓಡಿತು, ಆದರೂ ನಾನು ದಾರಿಯುದ್ದಕ್ಕೂ ಸೀಟು ಬಿಗಿಯಾಗಿ ಹಿಡಿದೇ ಕೂತಿದ್ದೆ. ಹಳ್ಳದ ತಲೆಗೆ ಬಂದಾಗ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಶಾಂತವ್ವನೇ, "ಬಸಣ್ಣಾ, ನಿಂದರಸು" ಅಂದಳು. ನನ್ನನ್ನು ಸರಿಸಿ ಕೆಳಗಿಳಿದಳು. ಹೊಸ ಸೀರೆಯ ನಿರಿಗೆ ಎತ್ತಿ ಹಿಡಿದು ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಸೆರಗು ಹಿಂದೆ ಸರಿಸಿ, ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು ಹಚ್ಚಿದಳು. ಒಂದಾದ ಮೇಲೆ ಒಂದು, ನಾಲ್ಕೂ ಗಾಲಿ. ಹಿಂದೆ ಕೂತ ಸೊಸೆಯಂದಿರಲ್ಲಿ ಯಾರೂ ನಗಲಿಲ್ಲ.

"ಹದವಾಗಿ ಬೆಚ್ಚಗದಾವ. ನಡೀರಿ" ಅಂದಳು.

ನಾನೂ ಇಳಿದು ಇನ್ನೊಮ್ಮೆ ಮುಟ್ಟಿ ನೋಡಿ ಬಂದು ಕೂತೆ.